ಎರಡನೇ ಸೆಮಿಸ್ಟರಿನ ಆನರ್ಸ್ ಕೆಮಿಸ್ಟ್ರಿ: ಓದಿದ್ದನ್ನೇ ಮತ್ತೆ ಓದಿದ ಕಥೆ

ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಬಂದಿದ್ದಾಗ ಕಾಲೇಜಿಗೆ ಹೋಗಿದ್ದೆ. ಸ್ಟಾಫ್ ರೂಮಿನಲ್ಲಿ ನಮ್ಮ ಕೆಮಿಸ್ಟ್ರಿ ಮೇಡಂ ಚಹಾ ಕೊಟ್ಟು, "ಅಮೆರಿಕದಲ್ಲಿ ಮೊದಲ ವರ್ಷದ ಕೆಮಿಸ್ಟ್ರಿ ಹೇಗಿರುತ್ತದೆ ಎಂದು ನಮ್ಮ ಮಕ್ಕಳು ಆಗಾಗ ಕೇಳುತ್ತಾರೆ. ನೀನೇ ಬರೆದು ಕೊಡು. ಆದರೆ ಬರೇ ಹೊಗಳಿಕೆ ಬೇಡ" ಎಂದರು. ಹೊಗಳುವ ಸ್ಥಿತಿಯಲ್ಲಿ ನಾನು ಇರಲೂ ಇಲ್ಲ. ಅಲ್ಲಿ ನಾನು ತೆಗೆದುಕೊಂಡ ಎರಡನೇ ಸೆಮಿಸ್ಟರಿನ ಆನರ್ಸ್ ಜನರಲ್ ಕೆಮಿಸ್ಟ್ರಿ ಕೋರ್ಸಿನ ಮೊದಲ ಪರೀಕ್ಷೆಯಲ್ಲಿ ನನಗೆ ಬಂದದ್ದು ನೂರಕ್ಕೆ 46. ದ್ವಿತೀಯ ಪಿಯುಸಿಯಲ್ಲಿ ಇದೇ ವಿಷಯದಲ್ಲಿ ನನಗೆ ಬಂದಿದ್ದ ಅಂಕ ಎಷ್ಟೆಂದು ಹೇಳುವುದಿಲ್ಲ, ಹಳೆಯ ನೋಟಿಸ್ ಬೋರ್ಡಿನ ಫೋಟೋ ನೋಡಿದವರಿಗೆ ಗೊತ್ತು.

ಮೊದಲು ಹೆಸರಿನ ಗೊಂದಲ ಬಿಡಿಸುತ್ತೇನೆ. ನಮ್ಮಲ್ಲಿ ಆನರ್ಸ್ ಎಂದರೆ ಪದವಿಯ ಹೆಸರು, ಬಿ.ಎಸ್ಸಿ. ಆನರ್ಸ್ ಎನ್ನುತ್ತೇವೆ. ಅಲ್ಲಿ ಒಂದೊಂದು ಕೋರ್ಸಿಗೂ ಆನರ್ಸ್ ವಿಭಾಗ ಇರಬಹುದು. ಡಾಕ್ಟರ್ ಆಗಬೇಕೆನ್ನುವವರು, ಎಂಜಿನಿಯರಿಂಗ್‌ನವರು, ಬಯಾಲಜಿಯವರು, ಕೆಮಿಸ್ಟ್ರಿಯನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡವರು ಎಲ್ಲರೂ ಮೊದಲ ವರ್ಷ ಜನರಲ್ ಕೆಮಿಸ್ಟ್ರಿ ಓದಬೇಕಾಗುತ್ತದೆ. ಅದು ಎರಡು ಸೆಮಿಸ್ಟರಿನದ್ದು. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಮೊದಲ ಭಾಗ: ಪರಮಾಣು ರಚನೆ, ಬಂಧಗಳು, ಮೋಲ್ ಲೆಕ್ಕ, ಅನಿಲಗಳು. ಜನವರಿಯಿಂದ ಮೇವರೆಗೆ ಎರಡನೇ ಭಾಗ: ಸಮತೋಲನ, ಆಮ್ಲ ಮತ್ತು ಪ್ರತ್ಯಾಮ್ಲ, ಬಫರ್, ಕರಗುವಿಕೆ, ಥರ್ಮೋಡೈನಮಿಕ್ಸ್, ಎಲೆಕ್ಟ್ರೋಕೆಮಿಸ್ಟ್ರಿ, ಕೈನೆಟಿಕ್ಸ್, ಸಮಯ ಉಳಿದರೆ ಕೋಆರ್ಡಿನೇಶನ್ ಸಂಯುಕ್ತಗಳು. ಸಾಮಾನ್ಯ ವಿಭಾಗದಲ್ಲಿ ನಮ್ಮ ಸಭಾಂಗಣಕ್ಕಿಂತ ದೊಡ್ಡ ಹಾಲ್, ಮುನ್ನೂರು ಜನ, ಕೊನೆಯ ಸಾಲಿನಿಂದ ಪ್ರೊಫೆಸರ್ ಬೆರಳಷ್ಟು ಉದ್ದ ಕಾಣುತ್ತಾರೆ. ಆನರ್ಸ್ ವಿಭಾಗದಲ್ಲಿ ನಾವು ಮೂವತ್ತೆಂಟು ಮಂದಿ ಇದ್ದೆವು. ಪಾಠಗಳ ಹೆಸರು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ.

ಈ ಪಾಠಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ನಿಮ್ಮ ಬ್ಯಾಗಿನಲ್ಲಿರುವ ಎನ್‌ಸಿಇಆರ್‌ಟಿ ಪುಸ್ತಕದ ಪರಿವಿಡಿಯೇ ತಾನೆ? ಸಮತೋಲನ ಮತ್ತು ಥರ್ಮೋಡೈನಮಿಕ್ಸ್ ಪ್ರಥಮ ಪಿಯುಸಿಯಲ್ಲಿ, ಎಲೆಕ್ಟ್ರೋಕೆಮಿಸ್ಟ್ರಿ, ಕೈನೆಟಿಕ್ಸ್, ಕೋಆರ್ಡಿನೇಶನ್ ದ್ವಿತೀಯ ಪಿಯುಸಿಯಲ್ಲಿ. ನನಗೂ ಹಾಗೇ ಅನ್ನಿಸಿತು. ಮೊದಲ ಸೆಮಿಸ್ಟರನ್ನು ಸಾಮಾನ್ಯ ವಿಭಾಗದಲ್ಲಿ ಓದಿ, ಹೆಚ್ಚು ಕಷ್ಟಪಡದೆ ಎ ಗ್ರೇಡ್ ಪಡೆದಿದ್ದೆ. ಅಕಾಡೆಮಿಕ್ ಅಡ್ವೈಸರ್ "ಎರಡನೆಯದನ್ನು ಆನರ್ಸ್‌ನಲ್ಲಿ ತೆಗೆದುಕೊಳ್ಳಬಹುದಲ್ಲ" ಎಂದಾಗ, ಇದೆಲ್ಲ ಊರಿನಲ್ಲೇ ಓದಿ ಬಿಟ್ಟದ್ದು ಎಂಬ ಧೈರ್ಯದಲ್ಲಿ ಹೂಂ ಎಂದೆ. ಆ ಧೈರ್ಯ ಐದು ವಾರ ಬಾಳಿತು.

ಆ 46ರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕೋರ್ಸಿನ ಗುಟ್ಟು ಅದರಲ್ಲೇ ಇದೆ.

ಪ್ರಥಮ ಪಿಯುಸಿಯ ಸಮತೋಲನ ಪಾಠದಲ್ಲಿ ಒಂದು ಲೆಕ್ಕ ಬರುತ್ತದೆ: 10ರ ಮೈನಸ್ 8ನೇ ಘಾತದಷ್ಟು ಮೋಲಾರಿಟಿ ಇರುವ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? ಕಣ್ಣು ಮುಚ್ಚಿ ಸೂತ್ರ ಹಾಕಿದರೆ 8 ಬರುತ್ತದೆ. ಆದರೆ ಆಮ್ಲದ ಪಿಎಚ್ 8 ಆಗಲು ಸಾಧ್ಯವಿಲ್ಲ. ನೀರು ಕೂಡ ತಾನೇ ಸ್ವಲ್ಪ ಒಡೆದು ಹೈಡ್ರೋಜನ್ ಅಯಾನು ಕೊಡುತ್ತದೆ. ಆಮ್ಲ ಧಾರಾಳವಾಗಿದ್ದಾಗ ನೀರಿನ ಆ ಪಾಲನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆಮ್ಲ ಇಷ್ಟು ಕಡಿಮೆಯಾದಾಗ ನೀರಿನ ಪಾಲೇ ದೊಡ್ಡದು. ಎರಡನ್ನೂ ಸೇರಿಸಿ ವರ್ಗ ಸಮೀಕರಣ ಬಿಡಿಸಿದರೆ ಉತ್ತರ 6.98. ಇದು ನಮ್ಮ ಬ್ಯಾಚಿನಲ್ಲಿ ಎಲ್ಲರ ಬಾಯಿಯಲ್ಲೂ ಇದ್ದ ಸಂಖ್ಯೆ. ಲೆಕ್ಕ ಮರೆತರೂ 6.98 ಮರೆಯುತ್ತಿರಲಿಲ್ಲ.

ಅಲ್ಲಿನ ಪರೀಕ್ಷೆಯ ಮೂರನೇ ಪ್ರಶ್ನೆಯಲ್ಲಿ ಅದೇ ಆಮ್ಲ, ಅದೇ 10ರ ಮೈನಸ್ 8. ನೋಡಿದ ಕೂಡಲೇ ಊರಿನವರೊಬ್ಬರು ಪರದೇಶದಲ್ಲಿ ಸಿಕ್ಕಷ್ಟು ಸಂತೋಷವಾಯಿತು. ಎರಡು ಸಾಲಿನ ಲೆಕ್ಕ ತೋರಿಸಿ 6.98 ಎಂದು ಬರೆದು, ಸುತ್ತ ಚೌಕ ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಪ್ರಶ್ನೆಯ ಮೊದಲ ಸಾಲಿನಲ್ಲಿ ದ್ರಾವಣ 60 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ ಎಂದೂ, ಆ ಉಷ್ಣತೆಯಲ್ಲಿ ನೀರಿನ ಅಯಾನಿಕ ಗುಣಲಬ್ಧ 9.6 ಗುಣಿಸು 10ರ ಮೈನಸ್ 14 ಎಂದೂ ಕೊಟ್ಟಿದ್ದರು. ಓದಿದ್ದೆ, ಗಮನಿಸಿರಲಿಲ್ಲ.

ನೀರು ಒಡೆಯುವುದು ಶಾಖವನ್ನು ಹೀರುವ ಕ್ರಿಯೆ. ಬಿಸಿ ಮಾಡಿದಷ್ಟೂ ಹೆಚ್ಚು ಒಡೆಯುತ್ತದೆ. 25 ಡಿಗ್ರಿಯಲ್ಲಿ ಆ ಗುಣಲಬ್ಧ 1 ಗುಣಿಸು 10ರ ಮೈನಸ್ 14, ಹಾಗಾಗಿ ಶುದ್ಧ ನೀರಿನ ಪಿಎಚ್ 7. 60 ಡಿಗ್ರಿಯಲ್ಲಿ ಅದರ ವರ್ಗಮೂಲ ತೆಗೆದು ನೋಡಿ: ಶುದ್ಧ ನೀರಿನ ಪಿಎಚ್ 6.51. ಅದು ಆಮ್ಲವಾಗಿಲ್ಲ, ತಟಸ್ಥವಾಗಿಯೇ ಇದೆ. ತಟಸ್ಥ ಎಂದರೆ ಹೈಡ್ರೋಜನ್ ಅಯಾನು ಮತ್ತು ಹೈಡ್ರಾಕ್ಸೈಡ್ ಅಯಾನು ಸಮಸಮ ಇರುವುದು, 7 ಎಂಬ ಅಂಕಿಯಲ್ಲ. ಅದಕ್ಕೆ ಆ ಚೂರು ಆಮ್ಲ ಸೇರಿಸಿದರೆ ಪಿಎಚ್ 6.50ಕ್ಕೆ ಇಳಿಯುತ್ತದೆ. ನಾನು ಬರೆದದ್ದು 6.98, ಅಂದರೆ ಆಮ್ಲ ಹಾಕಿದ್ದರಿಂದ ನೀರು ಪ್ರತ್ಯಾಮ್ಲವಾಯಿತು ಎಂದು! ಉತ್ತರ ಪತ್ರಿಕೆ ತಿದ್ದಿದ ಟೀಚಿಂಗ್ ಅಸಿಸ್ಟೆಂಟ್ ನನ್ನ ಚೌಕದ ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ಬರೆದಿದ್ದ: "ಆಮ್ಲ ಸೇರಿಸಿದ ಮೇಲೆ ಪಿಎಚ್ ಏರಿತೇ?" ಹದಿನೈದು ಅಂಕದಲ್ಲಿ ಮೂರು ಕೊಟ್ಟಿದ್ದ.

ಉಳಿದ ಪ್ರಶ್ನೆಗಳೂ ಇದೇ ಜಾತಿಯವು. ನಮಗೆ ಅಸಿಟಿಕ್ ಆಮ್ಲದ ಲೆಕ್ಕದಲ್ಲಿ ಛೇದದಲ್ಲಿರುವ ಎಕ್ಸ್ ಅನ್ನು ಬಿಟ್ಟುಬಿಡಬಹುದು ಎಂದು ಗೊತ್ತು. 0.1 ಮೋಲಾರ್ ಇದ್ದಾಗ ನೂರಕ್ಕೆ ಸುಮಾರು 1.3 ಅಣುಗಳು ಮಾತ್ರ ಒಡೆಯುವುದರಿಂದ ಬಿಟ್ಟರೆ ನಷ್ಟವಿಲ್ಲ, ಪಿಎಚ್ 2.87 ಸರಿಯಾಗಿಯೇ ಬರುತ್ತದೆ. ಆದರೆ ಅದನ್ನೇ ಸಾವಿರ ಪಟ್ಟು ತೆಳು ಮಾಡಿದರೆ? ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಅಣುಗಳು ಒಡೆದಿರುತ್ತವೆ. ಈಗ ಎಕ್ಸ್ ಬಿಟ್ಟರೆ 4.37, ಬಿಡದೆ ಲೆಕ್ಕ ಮಾಡಿದರೆ 4.46. ಯಾವಾಗ ಬಿಡಬಹುದು, ಯಾವಾಗ ಬಿಡಬಾರದು ಎಂದು ನಾವೇ ತೀರ್ಮಾನಿಸಿ, ಬಿಟ್ಟ ಮೇಲೆ ಅದು ಸರಿಯಿತ್ತೇ ಎಂದು ಪರೀಕ್ಷಿಸಿ, ಆ ಪರೀಕ್ಷೆಯನ್ನೂ ಉತ್ತರದಲ್ಲಿ ಬರೆಯಬೇಕಿತ್ತು. ನಾನು ಎಲ್ಲ ಕಡೆ ಬಿಟ್ಟಿದ್ದೆ.

ತರಗತಿಯ ಸರಾಸರಿ 58. ಅಲ್ಲಿ ಹೆಚ್ಚಿನ ಪ್ರೊಫೆಸರುಗಳು ಅಂಕವನ್ನು ನೇರ ಗ್ರೇಡಿಗೆ ಇಳಿಸುವುದಿಲ್ಲ, ತರಗತಿ ಒಟ್ಟಾಗಿ ಹೇಗೆ ಬರೆದಿದೆ ಎಂದು ನೋಡಿ ಗೆರೆ ಎಳೆಯುತ್ತಾರೆ. ಅದಕ್ಕೆ 'ಕರ್ವ್' ಎನ್ನುತ್ತಾರೆ. ನಮ್ಮ ಕೋರ್ಸಿನಲ್ಲಿ 58 ಎಂದರೆ ಬಿ ಗ್ರೇಡಿನ ಹತ್ತಿರ. ನನ್ನ 46 ಸಿ ಗ್ರೇಡಿನಲ್ಲಿ ಕುಳಿತಿತ್ತು. ನನ್ನ ಸ್ಕಾಲರ್‌ಶಿಪ್ ಉಳಿಯಬೇಕಾದರೆ ವರ್ಷದ ಕೊನೆಗೆ ಸರಾಸರಿ 4ರಲ್ಲಿ 3.3 ಇರಲೇಬೇಕು. ಸಿ ಎಂದರೆ 2.

ಹಾಗಾದರೆ ಕೋರ್ಸ್ ಬಿಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಲ್ಲಿ ಸೆಮಿಸ್ಟರಿನ ನಡುವೆ ಒಂದು ದಿನಾಂಕದವರೆಗೆ ಕೋರ್ಸಿನಿಂದ ಹೊರಬರುವ ಅವಕಾಶ ಇರುತ್ತದೆ. ಗ್ರೇಡ್ ಬದಲು ಅಂಕಪಟ್ಟಿಯಲ್ಲಿ 'ಡಬ್ಲ್ಯೂ' ಎಂಬ ಅಕ್ಷರ ಬೀಳುತ್ತದೆ, ಸರಾಸರಿಗೆ ಪೆಟ್ಟಾಗುವುದಿಲ್ಲ. ಆದರೆ ವಿದೇಶದಿಂದ ಹೋದವರಿಗೆ ಇನ್ನೊಂದು ಗೆರೆ ಇದೆ, ಇದನ್ನು ಹೊರಡುವ ಮೊದಲೇ ತಿಳಿದುಕೊಳ್ಳಿ. ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವ ಪದವಿ ವಿದ್ಯಾರ್ಥಿ ಪ್ರತಿ ಸೆಮಿಸ್ಟರಿನಲ್ಲಿ ಕನಿಷ್ಠ 12 ಕ್ರೆಡಿಟ್ ಓದುತ್ತಿರಬೇಕು. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಮುಂಚಿತ ಅನುಮತಿ ಇಲ್ಲದೆ ಅದಕ್ಕಿಂತ ಕೆಳಗೆ ಹೋದರೆ ವೀಸಾದ ಸ್ಥಿತಿಗೇ ತೊಂದರೆ. ನನ್ನದು ಒಟ್ಟು 14 ಕ್ರೆಡಿಟ್, ಅದರಲ್ಲಿ ಕೆಮಿಸ್ಟ್ರಿ ಮತ್ತು ಲ್ಯಾಬ್ ಸೇರಿ 5. ಬಿಟ್ಟರೆ ಉಳಿಯುವುದು 9. ಜನವರಿಯಲ್ಲೇ ಇನ್ನೊಂದು ಸಣ್ಣ ಕೋರ್ಸ್ ಸೇರಿಸಿಕೊಂಡಿದ್ದರೆ ಈ ಇಕ್ಕಟ್ಟು ಬರುತ್ತಿರಲಿಲ್ಲ. ಸಾಮಾನ್ಯ ವಿಭಾಗಕ್ಕೆ ಬದಲಾಯಿಸಲು ಇದ್ದ ಗಡುವೂ ಆಗಲೇ ಮುಗಿದಿತ್ತು.

ಆ ರಾತ್ರಿ ಉಮ್ಮನಿಗೆ ಫೋನ್ ಮಾಡಿ, ಪರೀಕ್ಷೆ ಹೇಗಾಯಿತು ಎಂದು ಅವರು ಕೇಳಿದಾಗ "ಪರವಾಗಿಲ್ಲ" ಎಂದು ಸುಳ್ಳು ಹೇಳಿದೆ. ಹೊರಗೆ ಹಿಮ ಮೊಣಕಾಲು ಮಟ್ಟ. ಮರುದಿನ ಪ್ರೊಫೆಸರರ ಆಫೀಸ್ ಅವರ್‌ಗೆ ಹೋದೆ.

ಆಫೀಸ್ ಅವರ್ ಎಂದರೆ ವಾರದಲ್ಲಿ ಇಂತಿಷ್ಟು ಗಂಟೆ ಪ್ರೊಫೆಸರ್ ಬಾಗಿಲು ತೆರೆದು ಕುಳಿತಿರುತ್ತಾರೆ, ಯಾವ ವಿದ್ಯಾರ್ಥಿಯಾದರೂ ಹೋಗಿ ಕೇಳಬಹುದು. ಐದು ವಾರಗಳಲ್ಲಿ ನಾನು ಒಮ್ಮೆಯೂ ಹೋಗಿರಲಿಲ್ಲ. ಸ್ಟಾಫ್ ರೂಮಿಗೆ ಕರೆದರೆ ಏನೋ ತಪ್ಪಾಗಿದೆ ಎಂದೇ ತಿಳಿಯುವ ನಮ್ಮ ಅಭ್ಯಾಸ ಅದಕ್ಕೆ ಕಾರಣ. ಅವರು ನನ್ನ ಉತ್ತರ ಪತ್ರಿಕೆ ತಿರುವಿ ನೋಡಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಂದು ಖಾಲಿ ಹಾಳೆ ಮುಂದಿಟ್ಟು, "ಸೂತ್ರ ಬರೆಯಬೇಡ. ಈ ಪಾತ್ರೆಯಲ್ಲಿ ಏನೇನು ಇದೆ, ಯಾವುದು ಜಾಸ್ತಿ, ಯಾವುದು ಕಡಿಮೆ, ಅಷ್ಟು ಮಾತ್ರ ಬರೆ" ಎಂದರು. ಬರೆಯಲು ಹೊರಟಾಗ ಗೊತ್ತಾಯಿತು, ನಾನು ಯಾವತ್ತೂ ಪಾತ್ರೆಯ ಒಳಗೆ ನೋಡಿರಲೇ ಇಲ್ಲ. ಲೆಕ್ಕದಲ್ಲಿ ಎಷ್ಟು ಅಂಕೆ ಕೊಟ್ಟಿದ್ದಾರೆ, ಅವು ಯಾವ ಸೂತ್ರಕ್ಕೆ ಹೊಂದುತ್ತವೆ, ಅದನ್ನಷ್ಟೇ ನೋಡುತ್ತಿದ್ದೆ. ಅಂದಿನಿಂದ ಪ್ರತಿ ಲೆಕ್ಕದ ಮೇಲೆ ಮೂರು ಸಾಲು ಕನ್ನಡದಲ್ಲಿ ಬರೆಯುವ ರೂಢಿ ಮಾಡಿಕೊಂಡೆ: ಏನಿದೆ, ಏನಾಗುತ್ತದೆ, ಉತ್ತರ ಹೆಚ್ಚು ಕಡಿಮೆ ಎಷ್ಟಿರಬೇಕು. ಆಮೇಲೆ ಸೂತ್ರ.

ನಮ್ಮ ಪಿಯುಸಿ ಓದು ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಅದು ಸುಳ್ಳಾಗುತ್ತದೆ. ನನ್ನ ಸಹಪಾಠಿಗಳಲ್ಲಿ ಹಲವರಿಗೆ ಹೊಸದಾಗಿದ್ದ ನರ್ನ್‌ಸ್ಟ್ ಸಮೀಕರಣ, ಅರೀನಿಯಸ್ ಸಮೀಕರಣ ನನಗೆ ಹಳೆಯ ಪರಿಚಯ. ಇನ್ನೊಂದು ಲಾಭ ನಾನು ಊಹಿಸಿಯೇ ಇರಲಿಲ್ಲ. ಲಾಗ್ ಟೇಬಲ್ ತಿರುವಿ ತಿರುವಿ ಲೆಕ್ಕ ಮಾಡಿದ ನಮಗೆ 2ರ ಲಾಗ್ 0.301, 3ರದ್ದು 0.477 ಎಂದು ಬೆರಳ ತುದಿಯಲ್ಲಿ ಇರುತ್ತದೆ. ಕ್ಯಾಲ್ಕುಲೇಟರಿನಲ್ಲಿ ಒಂದು ಗುಂಡಿ ತಪ್ಪಿದರೆ ಅವರಿಗೆ ಗೊತ್ತಾಗುವುದಿಲ್ಲ, ನಮಗೆ ಉತ್ತರ ನೋಡಿದ ಕೂಡಲೇ ಇದೇನೋ ಎಡವಟ್ಟು ಅನ್ನಿಸುತ್ತದೆ. ಸಿಗ್ನಿಫಿಕೆಂಟ್ ಅಂಕೆಗಳ ವಿಷಯದಲ್ಲಿ ಮಾತ್ರ ನಾವು ತುಂಬ ಸಡಿಲ. ಅಲ್ಲಿ 2.8724 ಎಂದು ಬರೆದರೆ ಅಂಕ ಕತ್ತರಿಸುತ್ತಾರೆ, ಅಷ್ಟು ನಿಖರವಾಗಿ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ.

ಲ್ಯಾಬ್ ವಿಷಯಕ್ಕೆ ಬರುತ್ತೇನೆ. ಸಾಲ್ಟ್ ಅನಾಲಿಸಿಸ್‌ನಲ್ಲಿ ಬಣ್ಣ ನೋಡಿ ಉಪ್ಪು ಯಾವುದೆಂದು ಮೊದಲೇ ಊಹಿಸಿ, ಆಮೇಲೆ ಆ ಉತ್ತರಕ್ಕೆ ತಕ್ಕ ಪರೀಕ್ಷೆಗಳನ್ನು ರೆಕಾರ್ಡಿನಲ್ಲಿ ತುಂಬಿಸುವ ಕಲೆ ನನಗೆ ಚೆನ್ನಾಗಿ ಗೊತ್ತಿತ್ತು. ಬ್ಯೂರೆಟ್ ರೀಡಿಂಗ್ 10.2, 10.4, 10.2 ಬಂದರೆ ನಡುವಿನದ್ದನ್ನು 10.2 ಮಾಡುವುದು ತಪ್ಪು ಎಂದೇ ಅನ್ನಿಸಿರಲಿಲ್ಲ. ಅಲ್ಲಿ ನೋಟ್‌ಬುಕ್ಕನ್ನು ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಸಂಖ್ಯೆ ಓದಲು ಬರುವಂತಿರಬೇಕು. ಪ್ರತಿ ಪುಟಕ್ಕೆ ನಕಲು ಪ್ರತಿ ಇರುತ್ತದೆ, ಲ್ಯಾಬ್ ಮುಗಿದ ಕೂಡಲೇ ಅಸಿಸ್ಟೆಂಟ್ ಸಹಿ ಹಾಕಿ ಅದನ್ನು ಹರಿದುಕೊಳ್ಳುತ್ತಾರೆ. ಹಾಸ್ಟೆಲಿಗೆ ಹೋಗಿ 'ಸರಿಪಡಿಸುವ' ಪ್ರಶ್ನೆಯೇ ಇಲ್ಲ.

ಕೈನೆಟಿಕ್ಸ್‌ನ ಒಂದು ಪ್ರಯೋಗ ನನಗೆ ಬಹಳ ಕಲಿಸಿತು. ಕ್ರಿಸ್ಟಲ್ ವೈಲೆಟ್ ಎಂಬ ನೇರಳೆ ಬಣ್ಣದ ದ್ರಾವಣಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಬಣ್ಣ ನಿಧಾನವಾಗಿ ಮಾಯವಾಗುತ್ತದೆ. ಎಷ್ಟು ಬೇಗ ಎಂದು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ನಿಮಿಷ ನಿಮಿಷಕ್ಕೆ ಅಳೆಯಬೇಕು. ಸೋಡಿಯಂ ಹೈಡ್ರಾಕ್ಸೈಡ್ ಬಹಳ ಹೆಚ್ಚು ಇರುವುದರಿಂದ ಅದರ ಪ್ರಮಾಣ ಬದಲಾದಂತೆ ಕಾಣುವುದಿಲ್ಲ, ಕ್ರಿಯೆ ಮೊದಲ ಕ್ರಮಾಂಕದ್ದರಂತೆ ನಡೆದುಕೊಳ್ಳುತ್ತದೆ. ನಾವು ಓದುವ ಸ್ಯೂಡೋ ಫಸ್ಟ್ ಆರ್ಡರ್ ಇದೇ, ಪುಸ್ತಕದಲ್ಲಿ ಎಸ್ಟರ್ ಮತ್ತು ಸಕ್ಕರೆಯ ಉದಾಹರಣೆಗಳಿವೆ. ಅಳತೆಯ ಲಾಗ್ ತೆಗೆದು ಸಮಯದ ಎದುರು ಗ್ರಾಫ್ ಹಾಕಿದರೆ ನೇರ ಗೆರೆ ಬರಬೇಕು. ನನ್ನ ಗ್ರಾಫ್ ಮೊದಲು ನೆಟ್ಟಗೆ ಹೋಗಿ ಕೊನೆಯ ನಾಲ್ಕು ಬಿಂದುಗಳಲ್ಲಿ ಚೆಲ್ಲಾಪಿಲ್ಲಿಯಾಯಿತು. ನಕಲು ಪ್ರತಿ ಅವರ ಕೈಯಲ್ಲಿ, ಬಿಂದುಗಳನ್ನು ಗೆರೆಯ ಮೇಲೆ ತಂದು ಕೂರಿಸುವಂತಿಲ್ಲ. ಹಾಗಾದರೆ ಏಕೆ ಹೀಗಾಯಿತು ಎಂದು ಯೋಚಿಸಲೇಬೇಕಾಯಿತು.

ಯಂತ್ರದ ಅಳತೆಯಲ್ಲಿ 0.005ರಷ್ಟು ಆಚೀಚೆ ಆಗುತ್ತದೆ ಎಂದಿಟ್ಟುಕೊಳ್ಳಿ. ಬಣ್ಣ ದಟ್ಟವಾಗಿದ್ದಾಗ ಅಳತೆ 0.800. ಅದು 0.795 ಆದರೂ 0.805 ಆದರೂ ಅವುಗಳ ನ್ಯಾಚುರಲ್ ಲಾಗ್ ನಡುವಿನ ಅಂತರ 0.01ರ ಆಸುಪಾಸು, ಗ್ರಾಫಿನಲ್ಲಿ ಕಾಣುವುದೇ ಇಲ್ಲ. ಕೊನೆಗೆ ಬಣ್ಣ ತೆಳುವಾಗಿ ಅಳತೆ 0.020ಕ್ಕೆ ಇಳಿದಾಗ ಅದೇ 0.005 ತಪ್ಪು, 0.015ರಿಂದ 0.025ರವರೆಗೆ ಒಯ್ಯುತ್ತದೆ. ಲಾಗ್ ನಡುವಿನ ಅಂತರ ಈಗ 0.5! ತಪ್ಪು ಅಷ್ಟೇ ಇದೆ, ಲಾಗ್ ಅದನ್ನು ಹಿಗ್ಗಿಸಿ ತೋರಿಸುತ್ತಿದೆ. ಹಾಗಾಗಿ ಕೊನೆಯ ಬಿಂದುಗಳನ್ನು ಅಷ್ಟಾಗಿ ನಂಬಬಾರದು ಎಂದು ಲೆಕ್ಕ ಸಮೇತ ಬರೆದೆ. ಆ ವರದಿಗೆ ಪೂರ್ಣ ಅಂಕ ಬಂತು. ಚೆಲ್ಲಾಪಿಲ್ಲಿ ಗ್ರಾಫಿಗೆ ಪೂರ್ಣ ಅಂಕ ಬಂದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಎರಡನೇ ಪರೀಕ್ಷೆ ಹೊತ್ತಿಗೆ ಥರ್ಮೋಡೈನಮಿಕ್ಸ್ ಬಂದಿತ್ತು. ಆನರ್ಸ್ ವಿಭಾಗ ನಿಜವಾಗಿ ಬೇರೆಯಾಗುವುದು ಇಲ್ಲಿ. ಎಂಟ್ರೊಪಿ ಎಂದರೆ ಅಸ್ತವ್ಯಸ್ತತೆಯ ಅಳತೆ ಎಂದು ಒಂದು ಅಂಕದ ಪ್ರಶ್ನೆಗೆ ನಾವು ಬರೆಯುತ್ತೇವೆ. ಅಲ್ಲಿ ಎರಡು ಗಾಜಿನ ಬುರುಡೆ, ನಡುವೆ ಕೊಳವೆ, ನಾಲ್ಕು ಅಣುಗಳಿಂದ ಪಾಠ ಶುರುವಾಯಿತು. ಪ್ರತಿ ಅಣುವಿಗೂ ಎಡ ಅಥವಾ ಬಲ ಎಂಬ ಎರಡು ಆಯ್ಕೆ, ಒಟ್ಟು 16 ವಿಧ. ನಾಲ್ಕೂ ಎಡಕ್ಕೇ ಇರುವುದು ಅದರಲ್ಲಿ ಒಂದೇ ವಿಧ. ಎರಡೆರಡು ಹಂಚಿಕೊಂಡಿರುವುದು ಆರು ವಿಧ. ಅಣುಗಳ ಸಂಖ್ಯೆ ನಾಲ್ಕರ ಬದಲು ಒಂದು ಮೋಲ್ ಆದರೆ ಎಲ್ಲವೂ ಎಡಕ್ಕೆ ಸೇರುವುದನ್ನು ಯಾವ ನಿಯಮವೂ ತಡೆಯುವುದಿಲ್ಲ, ಆದರೆ ವಿಶ್ವದ ಆಯುಷ್ಯವಿಡೀ ಕಾದರೂ ನೋಡಲು ಸಿಗದು. ಹೀಗೆ ವಿಧಗಳನ್ನು ಎಣಿಸುವುದೇ ಎಂಟ್ರೊಪಿ. ಆ ಎಣಿಕೆಯನ್ನು ಎಂಟ್ರೊಪಿಗೆ ಜೋಡಿಸುವ ಸೂತ್ರವನ್ನು ವಿಯೆನ್ನಾದಲ್ಲಿ ಬೋಲ್ಟ್ಸ್‌ಮನ್ ಅವರ ಸಮಾಧಿಯ ಕಲ್ಲಿನ ಮೇಲೆ ಕೆತ್ತಿದ್ದಾರೆ. ಪಿಯುಸಿಯಲ್ಲಿ ಕಾಂಬಿನೇಶನ್ ಲೆಕ್ಕ ಮಾಡುವಾಗ ಇದು ಯಾವ ಕೆಲಸಕ್ಕೆ ಎಂದು ಗಣಿತದ ಸರ್ ಅವರನ್ನು ಕೇಳಿದ್ದೆ. ಇದಕ್ಕೆ.

ಆಮೇಲೆ ಅಮೋನಿಯಾ. ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿ ಅಮೋನಿಯಾ ಆಗುವಾಗ ಶಾಖ ಹೊರಬರುತ್ತದೆ, ಆದರೆ ನಾಲ್ಕು ಮೋಲ್ ಅನಿಲ ಎರಡಾಗುವುದರಿಂದ ಎಂಟ್ರೊಪಿ ಇಳಿಯುತ್ತದೆ. ಪುಸ್ತಕದ ಮೌಲ್ಯಗಳನ್ನು ಹಾಕಿದರೆ ಗಿಬ್ಸ್ ಶಕ್ತಿಯ ಬದಲಾವಣೆ ಸುಮಾರು 465 ಕೆಲ್ವಿನ್‌ವರೆಗೆ ಋಣ, ಅದರ ಮೇಲೆ ಧನ. ಅಂದರೆ 190 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಮತೋಲನ ನಮಗೆ ವಿರುದ್ಧ. ಆದರೂ ಕಾರ್ಖಾನೆಗಳಲ್ಲಿ 400ರಿಂದ 500 ಡಿಗ್ರಿಯಲ್ಲಿ ನಡೆಸುತ್ತಾರೆ. ಏಕೆ? ತಣ್ಣಗಿದ್ದರೆ ಸಮತೋಲನ ನಮ್ಮ ಪರ, ಆದರೆ ನೈಟ್ರೋಜನ್‌ನ ಮೂರು ಬಂಧಗಳು ಮುರಿಯುವ ವೇಗ ಸಾಲದು, ಅಮೋನಿಯಾ ಬರುವಷ್ಟರಲ್ಲಿ ಕಂಪನಿ ಮುಚ್ಚಿರುತ್ತದೆ. ಬಿಸಿಯಿಂದ ಮತ್ತು ಕಬ್ಬಿಣದ ಕ್ಯಾಟಲಿಸ್ಟ್‌ನಿಂದ ವೇಗ ಪಡೆದು, ಸಮತೋಲನದಲ್ಲಿ ಕಳೆದುಕೊಂಡದ್ದನ್ನು ನೂರಾರು ಪಟ್ಟು ವಾಯುಭಾರದ ಒತ್ತಡದಿಂದ ವಾಪಸು ಪಡೆಯುತ್ತಾರೆ. ನಮ್ಮಲ್ಲಿ ಲೆ ಶಾಟ್ಲಿಯೇ ತತ್ವ ಒಂದು ಪಾಠ, ಅರೀನಿಯಸ್ ಇನ್ನೊಂದು ವರ್ಷದ ಇನ್ನೊಂದು ಪಾಠ. ಅವೆರಡೂ ಒಂದೇ ಕೊಳವೆಯೊಳಗೆ ಜಗಳವಾಡುತ್ತವೆ ಎಂದು ನನಗೆ ತಿಳಿದದ್ದು ಆ ದಿನ. ಪಣಂಬೂರಿನ ರಸಗೊಬ್ಬರ ಕಾರ್ಖಾನೆಯ ಎದುರು ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಈ ಸಲ ರಜೆಯಲ್ಲಿ ಹೋಗುವಾಗ ಕಿಟಕಿಯಿಂದ ಬೇರೆಯೇ ರೀತಿ ನೋಡಿದೆ.

ಇನ್ನೊಂದು ಜೋಡಣೆ ಡೇನಿಯಲ್ ಸೆಲ್‌ನದ್ದು. ಸತು, ತಾಮ್ರ, 1.10 ವೋಲ್ಟ್. ವೋಲ್ಟೇಜ್‌ನಿಂದ ಗಿಬ್ಸ್ ಶಕ್ತಿ, ಅದರಿಂದ ಸಮತೋಲನ ಸ್ಥಿರಾಂಕ. ಮೂರೂ ಒಂದೇ ವಿಷಯವನ್ನು ಮೂರು ಭಾಷೆಯಲ್ಲಿ ಹೇಳಿದಂತೆ. ಲೆಕ್ಕ ಮಾಡಿ: ಗಿಬ್ಸ್ ಶಕ್ತಿ ಮೈನಸ್ 212 ಕಿಲೋಜೂಲ್, ಸ್ಥಿರಾಂಕ 10ರ 37ನೇ ಘಾತದಷ್ಟು. ಕೈಯಲ್ಲಿ ಹಿಡಿಯುವ ಒಂದು ವೋಲ್ಟ್ ಚಿಲ್ಲರೆಯ ಹಿಂದೆ ಅಂಥ ಸಂಖ್ಯೆ ಅಡಗಿದೆ ಎಂದು ಈಗಲೂ ನನಗೆ ಆಶ್ಚರ್ಯವೇ.

ಓದುವ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾರಕ್ಕೊಂದು ಪ್ರಾಬ್ಲಮ್ ಸೆಟ್, ಏಳೆಂಟು ಲೆಕ್ಕ, ಒಂದೊಂದಕ್ಕೆ ಒಂದೂವರೆ ಗಂಟೆ. ಜೊತೆಗೆ ಕುಳಿತು ಚರ್ಚಿಸಬಹುದು, ಆದರೆ ಬರೆಯುವುದು ಅವರವರೇ, ಯಾರ ಜೊತೆ ಚರ್ಚಿಸಿದೆ ಎಂದು ಹೆಸರನ್ನೂ ಬರೆಯಬೇಕು. ನಕಲು ಸಿಕ್ಕಿಬಿದ್ದರೆ ಅಲ್ಲಿ ಬಹಳ ಗಂಭೀರ. ನಾವು ನಾಲ್ಕು ಜನ ಗುರುವಾರ ಸಂಜೆ ಲೈಬ್ರರಿಯಲ್ಲಿ ಕೂರುತ್ತಿದ್ದೆವು. ನನಗೆ ಸೂತ್ರ ನೆನಪು, ಇನ್ನೊಬ್ಬಳಿಗೆ "ಅದು ಏಕೆ ಹಾಗೆ" ಎಂದು ಬಿಡದೆ ಕೇಳುವ ಚಟ. ಆ ಚಟದಿಂದ ಮೊದಲು ಕಿರಿಕಿರಿ ಆಗುತ್ತಿತ್ತು, ಏಪ್ರಿಲ್ ಹೊತ್ತಿಗೆ ಅವಳಿಲ್ಲದೆ ಕೂರಲು ಮನಸ್ಸಾಗುತ್ತಿರಲಿಲ್ಲ.

ಎರಡನೇ ಪರೀಕ್ಷೆಯಲ್ಲಿ 71, ಮೂರನೆಯದರಲ್ಲಿ 78. ಕೊನೆಗೆ ಬಿ ಪ್ಲಸ್ ಬಂತು, ಅಂದರೆ ಸರಿಯಾಗಿ 3.3. ಬೇರೆ ವಿಷಯಗಳ ಎ ಗ್ರೇಡ್ ಸೇರಿ ಸ್ಕಾಲರ್‌ಶಿಪ್ ಉಳಿಯಿತು. ಉಮ್ಮನಿಗೆ ನಿಜ ಹೇಳಿದ್ದು ಆಗ.

ಹಾಗಾದರೆ ಆನರ್ಸ್ ಯಾರು ತೆಗೆದುಕೊಳ್ಳಬೇಕು? ಕೆಮಿಸ್ಟ್ರಿ, ಕೆಮಿಕಲ್ ಎಂಜಿನಿಯರಿಂಗ್, ಮೆಟೀರಿಯಲ್ಸ್ ಕಡೆಗೆ ಹೋಗುವವರು, ಕ್ಯಾಲ್ಕುಲಸ್‌ಗೆ ಹೆದರದವರು ಖಂಡಿತ ತೆಗೆದುಕೊಳ್ಳಿ. ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವ ಯೋಚನೆ ಇದ್ದರೆ ಎರಡು ಸಲ ಯೋಚಿಸಿ. ಅಲ್ಲಿ ಪ್ರತಿ ಗ್ರೇಡೂ ಲೆಕ್ಕಕ್ಕೆ ಬರುತ್ತದೆ, ಸಾಮಾನ್ಯ ವಿಭಾಗದ ಎ ನಿಮಗೆ ಹೆಚ್ಚು ಉಪಯೋಗಕ್ಕೆ ಬರಬಹುದು. ತೆಗೆದುಕೊಂಡರೂ ಮೊದಲ ವಾರದಲ್ಲೇ ಮೂರು ದಿನಾಂಕ ಬರೆದಿಟ್ಟುಕೊಳ್ಳಿ: ವಿಭಾಗ ಬದಲಿಸುವ ಗಡುವು, ಕೋರ್ಸ್ ಬಿಡುವ ಗಡುವು, ಮೊದಲ ಪರೀಕ್ಷೆ. ಕ್ರೆಡಿಟ್‌ಗಳನ್ನು 12ಕ್ಕೆ ಅಂಟಿಕೊಂಡಂತೆ ಇಟ್ಟುಕೊಳ್ಳಬೇಡಿ. ನಮ್ಮ ಕೋರ್ಸಿಗೆ ಆಕ್ಸ್‌ಟೋಬಿ ಮತ್ತಿತರರು ಬರೆದ 'ಪ್ರಿನ್ಸಿಪಲ್ಸ್ ಆಫ್ ಮಾಡರ್ನ್ ಕೆಮಿಸ್ಟ್ರಿ' ಪುಸ್ತಕ ಇತ್ತು. ಹೊಸದನ್ನು ಕೊಳ್ಳಲು ನನಗೆ ಆಗಲಿಲ್ಲ, ಲೈಬ್ರರಿಯ ಪ್ರತಿಯಲ್ಲೇ ಓದಿದೆ. ಹೊರದೇಶಕ್ಕೆ ಹೋಗದವರಿಗೂ ಇದರ ರುಚಿ ನೋಡಬೇಕೆಂದಿದ್ದರೆ ಎಂಐಟಿಯ ಓಪನ್‌ಕೋರ್ಸ್‌ವೇರ್‌ನಲ್ಲಿ 5.111 ಎಂಬ ಕೋರ್ಸಿನ ಪಾಠಗಳು, ಪ್ರಾಬ್ಲಮ್ ಸೆಟ್‌ಗಳು ಉಚಿತವಾಗಿ ಸಿಗುತ್ತವೆ. ಸಮತೋಲನ ಪಾಠ ಮುಗಿಸಿದ ವಾರವೇ ಅಲ್ಲಿನ ಒಂದು ಲೆಕ್ಕಕ್ಕೆ ಕೈ ಹಾಕಿ.

ಅದಕ್ಕೂ ಮೊದಲು ಇದನ್ನು ಬಿಡಿಸಿ. 60 ಡಿಗ್ರಿಯ ಅದೇ ನೀರಿಗೆ ಈ ಸಲ ಆಮ್ಲದ ಬದಲು ಸೋಡಿಯಂ ಹೈಡ್ರಾಕ್ಸೈಡ್ ಹಾಕಿ, 10ರ ಮೈನಸ್ 8 ಮೋಲಾರ್. ಪಿಎಚ್ ಎಷ್ಟು? ಉತ್ತರ 7ಕ್ಕಿಂತ ಕಡಿಮೆ ಬಂದರೆ ಅಳಿಸಬೇಡಿ, ಹಾಗೇ ಮೇಡಂಗೆ ತೋರಿಸಿ.